ದೆವ್ವ ಬರೂಕಿಂತ ಮೊದ್ಲ ಅಂಜಿಕಿ ಹೆಂಗ ಬರ್ತೈತಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಟಿವಿ ಹಾರರ್ ಸೀರಿಯಲ್ ಬಗ್ಗೆ ಏನ ಕೇಳೋದಿದ್ರೂ ಕೇಳ್ರಿ ಅಂತ ಹೋದ ಸಂಚಿಕೆಯೊಳಗ ಹೇಳಿದ್ವಿ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾದಿಂದ ಪತ್ರ, ವಾಟ್ಸಾಪ್ ಮೆಸೇಜ್ ಭಾಳ ಬಂದಾವ. ಹೆಸರು ಹಾಕಬ್ಯಾಡ್ರಿ ಅಂತ ಸುಮಾರು ಮಂದಿ ಕೇಳ್ಯಾರ, ಅದಕ ಎಲ್ಲಾರದೂ ಬರೀ ಊರಷ್ಟ ಹಾಕೇವಿ. ಒಂದ ಥರದ ಪ್ರಶ್ನೆ ಇದ್ದದ್ದನ್ನ ಕೂಡಿಸಿ ಒಂದ ಕಡೆ ಉತ್ತರ ಕೊಟ್ಟೀನಿ.

ಪ್ರಶ್ನೆ: ರಾತ್ರಿ ಹಾರರ್ ಸೀರಿಯಲ್ ನೋಡುವಾಗ ಇನ್ನೂ ದೆವ್ವ ಬಂದಿರಂಗಿಲ್ಲ, ಏನೂ ಆಗಿರಂಗಿಲ್ಲ, ಆದ್ರೂ ಎದಿ ಢವಢವ ಅಂತೈತಿ. ಮೊನ್ನೆ ಕೂಸು ಮಲಗೇತಿ ಅಂತ ಅದ ಎಪಿಸೋಡು ಮ್ಯೂಟ್ ಮಾಡಿ ನೋಡಿದೆ, ಒಂಚೂರೂ ಅಂಜಿಕಿ ಬರಲಿಲ್ಲ. ಇದೆಲ್ಲಾ ಬರೀ ಮ್ಯೂಸಿಕ್ಕಿನ ಆಟ ಏನ್ರಿ? (ಗೃಹಿಣಿ, ಜಮಖಂಡಿ)

ಉತ್ತರ: ಅಕ್ಕಾರ, ಮ್ಯೂಟ್ ಮಾಡಿ ನೋಡಿದ್ರಲ್ಲ, ಸೌಂಡ್ ಕಲಿಯೋ ಹುಡುಗರಿಗೆ ನಾ ಮೊದಲು ಹೇಳೋ ಕೆಲಸಾನ ಅದು. ಆದ್ರ ಮ್ಯೂಸಿಕ್ ಅಷ್ಟ ಅಲ್ರಿ, ಅದರ ಕೆಳಗ ಇನ್ನೊಂದು ಪದರ ಇರ್ತೈತಿ, ಅದನ್ನ ಕೇಳಾಕತ್ತೇವಿ ಅನ್ನೋದೂ ನಮಗ ಗೊತ್ತಾಗಂಗಿಲ್ಲ. ಖಾಲಿ ಖೋಲಿಗೂ ಒಂದು ಸಪ್ಪಳ ಇರ್ತೈತಿ ನೋಡ್ರಿ, ಫ್ರಿಜ್ಜಿನ ಗುಂಯ್ ಅನ್ನೋದು, ಫ್ಯಾನು, ಹಿತ್ತಲದಾಗ ಚಿರ್ ಅನ್ನೋ ಹುಳ, ದೂರದ ರೋಡಿನ ಮ್ಯಾಲೆ ಹೋಗೋ ಕಬ್ಬಿನ ಟ್ರ್ಯಾಕ್ಟರ್. ಇದಕ್ಕ ಸೌಂಡಿನವರು ರೂಮ್ ಟೋನ್ ಅಂತಾರ. ಕೆಲಸ ಗೊತ್ತಿದ್ದ ಸೌಂಡ್ ಡಿಸೈನರ್ ಏನ್ ಮಾಡ್ತಾನ ಅಂದ್ರ ಮೊದಲು ಇದನ್ನೆಲ್ಲಾ ನಿಮ್ಮ ಕಿವಿಗೆ ರೂಢಿ ಮಾಡಸ್ತಾನ, ಆಮ್ಯಾಲ ಒಂದೊಂದ ತಗೀತಾನ. ಫ್ಯಾನಿನ ಸಪ್ಪಳ ಸಣ್ಣಾತು, ಹುಳ ಸುಮ್ಮನಾದ್ವು. ರಾತ್ರಿ ಹೊಲಕ್ಕ ನೀರು ಹಾಯಸಾಕ ಹೋದವರಿಗೆ ಇದು ಗೊತ್ತೈತಿ, ಹುಳ ಎಲ್ಲಾ ಒಮ್ಮೆಲೇ ಸುಮ್ಮನಾದ್ವು ಅಂದ್ರ ಸನೇಕ ಏನೋ ಹಾದು ಹೋತು ಅಂತ ಲೆಕ್ಕ. ಕಿವಿ ಆಗ ತಾನಾಗೇ ನಿಮಿರ್ತೈತಿ, ಅದಕ್ಕ ಮ್ಯೂಸಿಕ್ ಬೇಕಾಗಂಗಿಲ್ಲ.

ಇನ್ನ ನೀವು ಹೇಳಿದ ಎದಿ ಢವಢವ. ಮನುಷ್ಯಾರ ಕಿವಿಗೆ ಹೆಚ್ಚು ಕಡಿಮಿ 20 ಹರ್ಟ್ಜ್‌ನಿಂದ (ಅಂದ್ರ ಸೆಕೆಂಡಿಗೆ 20 ಸಲ ನಡುಗೋ ದನಿಯಿಂದ) ಮ್ಯಾಲಿನ ಸಪ್ಪಳ ಕೇಳಸ್ತೈತಿ, ಥೇಟರಿನ ದೊಡ್ಡ ಸ್ಪೀಕರ್ ಭಾಳ ಕೆಳಗಿನ ದನಿ ಹಚ್ಚಿ ನಿಮ್ಮ ಎದಿ ಗೂಡನ್ನ ಅಲುಗಾಡಸ್ತಾವ. ಆದ್ರ ಮನ್ಯಾಗಿನ ತೆಳ್ಳನ ಟಿವಿಗೆ ಅಷ್ಟು ದೊಡ್ಡ ಸ್ಪೀಕರ್ ಇರಂಗಿಲ್ಲ, ಭಾಳ ಟಿವಿಯೊಳಗ ಸುಮಾರು 100 ಹರ್ಟ್ಜ್ ಕೆಳಗಿಂದು ಸರಿಯಾಗಿ ಬರೂದ ಇಲ್ಲ. ಅದಕ ಟಿವಿಗೆ ಮಿಕ್ಸ್ ಮಾಡೋರು ಆ ಕೆಳಗಿನ ಬಡಿತದ ಜೋಡಿ ಅದರ ಮ್ಯಾಲಿನ ಸ್ವರಾನೂ ಕೂಡಸ್ತಾರ, ಮ್ಯಾಲಿಂದು ಕೇಳಿದ ಕೂಡ್ಲೇ ನಮ್ಮ ಮಿದುಳು ಕೆಳಗಿಂದನ್ನ ತಾನ ತುಂಬಕೋತೈತಿ. ಇದರ ಜೋಡಿ ಟಿವಿ ಹಾರರ್ ಹೆಚ್ಚು ನೆಚ್ಚೋದು ಸಣ್ಣ ಸಣ್ಣ ಸನೇಕದ ಸಪ್ಪಳದ ಮ್ಯಾಲೆ, ಉಸಿರು, ಬಳಿ ತಾಗಿದ್ದು, ಅಗಳಿ ಸರಿದದ್ದು, ಕಾಲುಂಗುರ ಫರಸಿಗೆ ಬಡಿದದ್ದು. ಇವು ಯಾವ ಸ್ಪೀಕರಿನ್ಯಾಗೂ ಸ್ವಚ್ಛ ಬರ್ತಾವ.

ಧಡ್ ಅಂತ ಬೆಚ್ಚಿ ಬೀಳಸೋದು ಬ್ಯಾರೆ ಮಾತು. ಒಮ್ಮೆಲೇ ದೊಡ್ಡ ಸಪ್ಪಳ ಕೇಳಿದ್ರ ಕಣ್ಣು ರೆಪ್ಪಿ ಬಡಿಯೂದು ಒಂದು ಸೆಕೆಂಡಿನ 20ನೇ ಭಾಗದಷ್ಟು ಹೊತ್ತಿನ್ಯಾಗ ಆಗಿ ಹೋಗ್ತೈತಿ, ಬುದ್ಧಿ ಎಚ್ಚರಾಗೂಕಿಂತ ಮೊದಲ ಮೈ ಎಚ್ಚರಾಗಿರ್ತೈತಿ. ಇದು ಹಳೇ ವಿದ್ಯಾ. 1942ರ ‘ಕ್ಯಾಟ್ ಪೀಪಲ್’ ಅನ್ನೋ ಹಾಲಿವುಡ್ ಸಿನಿಮಾದಾಗ ರಾತ್ರಿ ರೋಡಿನ್ಯಾಗ ಒಬ್ಬಾಕಿ ಹೊಂಟಿರ್ತಾಳ, ಬೆನ್ನ ಹಿಂದ ಯಾರೋ ಬರಾಕತ್ತಾರ ಅಂತ ಆಕಿಗೂ ಅನಸ್ತೈತಿ ನಮಗೂ ಅನಸ್ತೈತಿ, ಹಿಂದಿನ ಹೆಜ್ಜಿ ಸಪ್ಪಳ ನಿಲ್ತೈತಿ, ಆಗ ಒಮ್ಮೆಲೇ ಬಾಜೂದಿಂದ ಬುಸ್ ಅಂತ ಒಂದು ಬಸ್ ಬಂದು ನಿಲ್ತೈತಿ. ಬರೀ ಬಸ್ಸು! ನಿರ್ಮಾಪಕನ ಹೆಸರ ಮ್ಯಾಲ ಇವತ್ತಿಗೂ ಈ ತಂತ್ರಕ್ಕ ‘ಲ್ಯೂಟನ್ ಬಸ್’ ಅಂತಾರ. ಅಲ್ಲಿ ಕೆಲಸ ಮಾಡಿದ್ದು ಬಸ್ಸಿನ ಸಪ್ಪಳಕ್ಕಿಂತ ಅದರ ಮೊದಲಿನ ಹೆಜ್ಜಿ ಸಪ್ಪಳ, ಅದು ನಿಂತ ಹೊತ್ತು. ನಮ್ಮ ಸೀರಿಯಲ್ಲಿನವರು ಬಸ್ಸಷ್ಟ ಇಟ್ಟಕೊಂಡು ಹೆಜ್ಜಿ ಬಿಟ್ಟಾರ, ಅದಕ ನಾವು ಬೆಚ್ಚತೀವಿ ಖರೆ, ಅಂಜಂಗಿಲ್ಲ.

ಇನ್ನೊಂದು ಹೇಳಬೇಕು. 2019ರಾಗ ಬಂದ ‘ಚೆರ್ನೋಬಿಲ್’ ಸೀರೀಸ್ ಅಣುಸ್ಥಾವರದ ದುರಂತದ್ದು, ದೆವ್ವದ ಕಥಿ ಅಲ್ಲ, ಆದ್ರ ಅದರಷ್ಟು ಅಂಜಿಕಿ ನನಗ ಯಾವ ದೆವ್ವದ ಸೀರಿಯಲ್ಲೂ ಕೊಟ್ಟಿಲ್ಲ. ಅದರ ಸಂಗೀತ ಮಾಡಿದ ಹಿಲ್ಡುರ್ ಗುಡ್ನಾಡೋಟಿರ್ ಲಿಥುವೇನಿಯಾದಾಗ ಬಂದ್ ಆಗಿದ್ದ ಅಣುಸ್ಥಾವರದೊಳಗ ಹೋಗಿ ಅಲ್ಲಿನ ಬಾಗಲಾ, ಪಂಪು, ಖಾಲಿ ಖೋಲಿಗಳ ಸಪ್ಪಳ ರೆಕಾರ್ಡ್ ಮಾಡಕೊಂಡು ಬಂದು ಅದರಲಿಂದಾನ ಸಂಗೀತ ಕಟ್ಯಾರ. ನಾವು ವಿಜಯಪುರದ ಕಡೆ ಮಂದಿಗೆ ಇದು ಲಗೂನ ತಿಳೀಬೇಕು, ಗೋಲ ಗುಮ್ಮಟದ ಪಿಸುಮಾತಿನ ಗ್ಯಾಲರಿಯೊಳಗ ಮುಂಜಾನೆ ಗದ್ದಲ ಇಲ್ಲದಾಗ ನಿಂತು ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಆ ಕಡೆ ನಿಂತವರ ಕಿವಿಯೊಳಗ ಮಾತು ಬೀಳ್ತೈತಿ, ಮಾತಾಡಿದವರು ಎಲ್ಲೋ ದೂರ, ದನಿ ಮಾತ್ರ ಕಿವಿ ಹತ್ರ. ಕಣ್ಣು ಹೇಳೋದು ಒಂದು, ಕಿವಿ ಹೇಳೋದು ಒಂದು. ಹಾರರ್ ಸೌಂಡಿನವರು ಇದನ್ನ ಬೇಕಂತ ಮಾಡ್ತಾರ, ತೆರಿ ಮ್ಯಾಲೆ ಸಣ್ಣ ಖೋಲಿ ತೋರಿಸಿ ದನಿಗೆ ದೊಡ್ಡ ಗುಡಿಯೊಳಗಿನ ಪ್ರತಿಧ್ವನಿ ಹಚ್ತಾರ. ನೋಡೋರಿಗೆ ಏನು ತಪ್ಪೈತಿ ಅಂತ ಹೇಳಾಕ ಬರಂಗಿಲ್ಲ, ಆದ್ರ ಏನೋ ತಪ್ಪೈತಿ ಅಂತ ಮೈ ಜುಮ್ ಅಂತೈತಿ.

ಪ್ರಶ್ನೆ: ಹಾರರ್ ಸೀನಿನ್ಯಾಗ ಕ್ಯಾಮೆರಾ ಒಮ್ಮೊಮ್ಮೆ ತಾನ ನಡಕೊಂಡು ಹೋದಂಗ ಕಾಣಸ್ತೈತಿ, ಒಮ್ಮೊಮ್ಮೆ ಸುಮ್ಮ ನಿಂತ ಬಿಡ್ತೈತಿ. ಎರಡಕ್ಕೂ ಅಂಜಿಕಿ ಬರ್ತೈತಲ್ರಿ, ಅದು ಹೆಂಗ? (ನೇಕಾರ, ಇಳಕಲ್)

ಉತ್ತರ: ನಿಮ್ಮ ಪ್ರಶ್ನೆ ಓದಿ ಭಾಳ ಖುಷಿ ಆತ್ರಿ, ಯಾಕಂದ್ರ ಎಲ್ಲಾ ಇದರಾಗ ಐತಿ. ಒಂದು ಸೀನು ಬಿಡಿಸಿ ಹೇಳ್ತೀನಿ.

ಹಳೇ ವಾಡೆ ಅಂತ ಇಟ್ಟಕೊಳ್ರಿ. ಪಡಸಾಲಿಯೊಳಗ ಒಬ್ಬ ಹೆಣಮಗಳು ಕುಂತು ಮರದಾಗ ಜ್ವಾಳ ಹಸನ ಮಾಡಾಕತ್ತಾಳ. ಕ್ಯಾಮೆರಾ ಆಕಿನ್ನ ಫ್ರೇಮಿನ ಎಡಕ್ಕ ಒಂದು ಮೂಲ್ಯಾಗ ಇಟ್ಟೈತಿ, ಬಲಕ್ಕ ಉಳಿದ ಜಾಗಾ ಎಲ್ಲಾ ಖಾಲಿ, ಅಲ್ಲಿ ಒಳಗಿನ ಖೋಲಿ ಬಾಗಲಾ ತೆರದೈತಿ, ಒಳಗ ಕತ್ತಲಿ. ಬಾಗಲದಾಗ ಯಾರೂ ಇಲ್ಲ, ಕಡೀತನಾನೂ ಯಾರೂ ಬರಂಗಿಲ್ಲ. ಆದ್ರ ಫ್ರೇಮಿನ್ಯಾಗ ಅಷ್ಟು ಜಾಗಾ ಖಾಲಿ ಬಿಟ್ಟಾರಂದ್ರ ಯಾರಿಗೋ ಬಿಟ್ಟಾರ ಅಂತ ನಮ್ಮ ಕಣ್ಣು ತಿಳಕೋತೈತಿ, ನಾವು ಆ ಹೆಣಮಗಳನ್ನ ಬಿಟ್ಟು ಬಾಗಲಾನ ನೋಡಾಕ ಹತ್ತೀವಿ. ಶಾಟ್ ಕಟ್ ಆಗಂಗಿಲ್ಲ, ಕಟ್ ಆಗಬೇಕಾದ ಹೊತ್ತು ದಾಟಿ ಹೋತು, ಇನ್ನೂ ಆಗವಲ್ದು. ಮರದಾಗ ಜ್ವಾಳದ ಸಪ್ಪಳ ಸರ್ ಸರ್ ನಡದೈತಿ. ಆಕಿ ಕೈ ನಿಲ್ಲಸ್ತಾಳ. ಸಪ್ಪಳ ಇನ್ನೊಂದು ಅರ್ಧ ಸೆಕೆಂಡು ನಡದು ಆಮ್ಯಾಲ ನಿಲ್ತೈತಿ.

ಅಷ್ಟರಿ. ಆ ಅರ್ಧ ಸೆಕೆಂಡಿನ್ಯಾಗ ಒಳಗ ಇನ್ನೊಬ್ಬಾಕಿ ಜ್ವಾಳ ಹಸನ ಮಾಡಾಕತ್ತಿದ್ಲು ಅಂತ ನಮಗ ಗೊತ್ತಾತು, ಕ್ಯಾಮೆರಾ ಏನೂ ತೋರಿಸಲಿಲ್ಲ. ಇದರ ಮುಂದಿನ ಶಾಟ್ ಎಲ್ಲಿಂದ ಇಡಬೇಕು ಅಂದ್ರ ಆ ಕತ್ತಲಿ ಖೋಲಿ ಒಳಗಿಂದ, ಬಾಗಲದ ಚೌಕಟ್ಟಿನ ನಡುವ ದೂರದಾಗ ಆಕಿ ಬೆನ್ನು ಕಾಣೂ ಹಂಗ. ಈಗ ನೋಡಾಕತ್ತವರು ಯಾರು? ನಾವ? ಇಲ್ಲಾ ಒಳಗಿದ್ದಾಕಿ? ಕ್ಯಾಮೆರಾ ಒಂದು ಗೇಣಷ್ಟು ಮುಂದ ಸರದ್ರ ಸಾಕು, ಉತ್ತರ ಸಿಕ್ತು. ನೀವು ಹೇಳಿದ ತಾನ ನಡಿಯೂ ಕ್ಯಾಮೆರಾ ಇದ. 1970ರ ದಶಕದಾಗ ಸ್ಟೆಡಿಕ್ಯಾಮ್ ಅನ್ನೋ ಉಪಕರಣ ಬಂತು, ಕ್ಯಾಮೆರಾಮನ್ ಮೈಗೆ ಕಟಗೊಂಡು ನಡದ್ರೂ ಚಿತ್ರ ಅಲುಗಾಡಂಗಿಲ್ಲ, ತೇಲಿಕೊಂಡು ಹೋದಂಗ ಕಾಣಸ್ತೈತಿ. ಮನುಷ್ಯಾರು ನಡದ್ರ ಕಣ್ಣು ಒಂದೀಟರ ಕುಲುಕಬೇಕು, ಇದು ಕುಲುಕಂಗಿಲ್ಲ, ಅದಕ ಇದು ಮನುಷ್ಯಾರ ನೋಟ ಅಲ್ಲ ಅಂತ ಒಳಗ ಅನಸ್ತೈತಿ. ಈಗ ಮೊಬೈಲ್ ಅಲುಗಾಡದಂಗ ಹಿಡಿಯೂ ಗಿಂಬಲ್ ಕಡಿಮಿ ರೊಕ್ಕಕ್ಕ ಬಂದಾವ, ಹೆಚ್ಚು ಕಡಿಮಿ ಅದ ಕೆಲಸ ಮಾಡ್ತಾವ.

ಸುಮ್ಮ ನಿಂತ ಕ್ಯಾಮೆರಾಕ್ಕ ಚಲೋ ಉದಾಹರಣೆ ಬೇಕಂದ್ರ 2018ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಅನ್ನೋ ವೆಬ್ ಸೀರೀಸ್ ನೋಡ್ರಿ. ಅದರ ಎಷ್ಟೋ ಸೀನಿನ್ಯಾಗ ಹಿಂದ ಬಾಗಲ ಮರಿಗೆ, ಪಿಯಾನೋ ಕೆಳಗ, ಮೆಟ್ಟಲ ಸಂದ್ಯಾಗ ದೆವ್ವಗಳನ್ನ ಸುಮ್ಮ ನಿಲ್ಲಿಸ್ಯಾರ, ಮ್ಯೂಸಿಕ್ ಇಲ್ಲ, ಝೂಮ್ ಇಲ್ಲ, ಪಾತ್ರಗಳೂ ನೋಡಂಗಿಲ್ಲ. ನೋಡಿದವರಿಗೆ ಕಂಡೀತು ಇಲ್ಲದವರಿಗೆ ಇಲ್ಲ. ಒಂದು ಸಲ ಒಂದು ಕಂಡ ಮ್ಯಾಲೆ ಮುಂದಿನ ಎಲ್ಲಾ ಎಪಿಸೋಡಿನ್ಯಾಗ ನೀವು ಮುಂದ ಮಾತಾಡೋರನ್ನ ಬಿಟ್ಟು ಹಿಂದಿನ ಮೂಲಿ ಹುಡಕಾಕ ಹತ್ತತೀರಿ. ಅದರ 6ನೇ ಎಪಿಸೋಡು ಹೆಚ್ಚು ಕಡಿಮಿ ಪೂರ್ತಿ 5 ಉದ್ದನ ಶಾಟಿನ್ಯಾಗ ಮುಗಿಸ್ಯಾರ. ಕಟ್ ಆದ್ರ ನೋಡೋರಿಗೆ ಉಸಿರು ಬಿಡಾಕ ಜಾಗಾ ಸಿಗ್ತೈತಿ, ಅಲ್ಲಿ ಅದನ್ನ ಕೊಡಂಗಿಲ್ಲ.

ಇದಕ್ಕೂ ಹಳೇದು ಒಂದೈತಿ. 1992ರ ಅಕ್ಟೋಬರ್ 31ಕ್ಕ ಬಿಬಿಸಿ ‘ಘೋಸ್ಟ್‌ವಾಚ್’ ಅಂತ ಒಂದು ನಾಟಕ ಹಾಕಿತು, ಖರೇ ಸುದ್ದಿಯವರು ಮಾಡೂ ಲೈವ್ ಕಾರ್ಯಕ್ರಮದ ಹಂಗ, ಹ್ಯಾಂಡ್ ಕ್ಯಾಮೆರಾ, ಸ್ಟುಡಿಯೋ, ಖರೇ ನಿರೂಪಕರು, ಎಲ್ಲಾ. ದೆವ್ವ ಒಂದೊಂದು ಕ್ಷಣ ಪರದೆ ಮರಿಗೆ ಕಂಡು ಹೋಗ್ತೈತಿ. ಮಂದಿ ಖರೇ ಅಂತ ತಿಳಕೊಂಡು ಗಾಬರಿಯಾಗಿ ಫೋನ್ ಮ್ಯಾಲೆ ಫೋನ್ ಹಚ್ಚಿದ್ರು, ದೊಡ್ಡ ಗದ್ದಲಾತು. ಕ್ಯಾಮೆರಾ ಹಿಡಿಯೂ ರೀತಿ ಒಂದರಿಂದ ನಂಬಿಕಿ ಹೆಂಗ ಬರ್ತೈತಿ ಅನ್ನೋದಕ್ಕ ಇದಕ್ಕಿಂತ ಬ್ಯಾರೆ ಬ್ಯಾಡ.

ಕನ್ನಡಿದೂ ಹೇಳಿ ಬಿಡ್ತೀನಿ. ‘ಟ್ವಿನ್ ಪೀಕ್ಸ್’ ಅನ್ನೋ ಅಮೆರಿಕದ ಸೀರಿಯಲ್ಲಿನ ಮೊದಲ ಎಪಿಸೋಡು 1990ರಾಗ ಬಂತು. ಅದರ ಶೂಟಿಂಗಿನ್ಯಾಗ ಸೆಟ್ ಅಲಂಕಾರ ಮಾಡೂ ಫ್ರಾಂಕ್ ಸಿಲ್ವಾ ಅನ್ನೋರ ಪ್ರತಿಬಿಂಬ ಕನ್ನಡಿಯೊಳಗ ಬಿದ್ದಿತ್ತಂತ, ಬ್ಯಾರೆ ಡೈರೆಕ್ಟರ್ ಆಗಿದ್ರ ಇನ್ನೊಂದು ಟೇಕ್ ಅಂತಿದ್ರು. ಡೇವಿಡ್ ಲಿಂಚ್ ಅದನ್ನ ಹಂಗ ಇಟ್ಟಕೊಂಡು ಅವರನ್ನ ಆ ಸೀರಿಯಲ್ಲಿನ ದುಷ್ಟ ಆತ್ಮದ ಪಾತ್ರಾನ ಮಾಡಿಬಿಟ್ರು. ನೋಡಿದವರಿಗೆ ಆ ಮುಖ ಮರಿಯಂಗಿಲ್ಲ.

ಪ್ರಶ್ನೆ: ನಮ್ಮ ಕನ್ನಡ ಸೀರಿಯಲ್ಲಿನ್ಯಾಗ ದೆವ್ವ ಬಂದ್ರ ಮನಿ ಮಂದಿ ಎಲ್ಲಾ ನಗ್ತಾರ. ಸಣ್ಣಾವಿದ್ದಾಗ ನೋಡಿದ ಹಿಂದಿ ‘ಆಹಟ್’ ನೆನಸಿದ್ರ ಇವತ್ತಿಗೂ ಅಂಜಿಕಿ ಬರ್ತೈತಿ. ನಮ್ಮವರಿಗೆ ಯಾಕ ಬರಂಗಿಲ್ಲ? (ಅಥಣಿ)

ಉತ್ತರ: ತಮ್ಮಾ, ನಮ್ಮವರಿಗೆ ಬರಂಗಿಲ್ಲ ಅನಬ್ಯಾಡ. ನಾ ಬೆಂಗಳೂರಿನ ಸೀರಿಯಲ್ ಸೆಟ್ಟಿನ್ಯಾಗ ಕೆಲಸ ಮಾಡೀನಿ, ಅಲ್ಲಿನ ಕ್ಯಾಮೆರಾದವರು, ಲೈಟಿನ ಹುಡುಗರು ಭಾಳ ಶಾಣ್ಯಾರು ಅದಾರ. ವೇಳೇನ ಇಲ್ಲ ಅವರಿಗೆ. ವಾರಕ್ಕ 5-6 ದಿನ ಬರೋ ಸೀರಿಯಲ್ಲಿಗೆ ದಿನಕ್ಕ ಹೆಚ್ಚು ಕಡಿಮಿ ಒಂದು ಎಪಿಸೋಡಿನಷ್ಟು ತಗದು ಒಗೀಬೇಕು, ಅದಕ ಎರಡು ಮೂರು ಕ್ಯಾಮೆರಾ ಕೂಡೇ ಓಡಸ್ತಾರ. ಮೂರು ಕಡೆಯಿಂದ ತಗಿಯಾಕತ್ತಾರಂದ್ರ ಮೂರೂ ಕಡೆ ಮುಖ ಚಂದ ಕಾಣಬೇಕು, ಅದಕ ಮ್ಯಾಲಿಂದ ಎಲ್ಲಾ ಕಡೆ ಸಮಾನ ಬೆಳಕು ಹಾಕ್ತಾರ. ಎಲ್ಲಾ ಕಡೆ ಬೆಳಕಿದ್ದ ಮ್ಯಾಲೆ ದೆವ್ವ ನಿಲ್ಲೂದಾದ್ರೂ ಎಲ್ಲಿ? ಆಮ್ಯಾಲ ಆ ಅತ್ತಿ, ಸೊಸಿ, ಮೈದುನ ಒಬ್ಬೊಬ್ಬರ ಮುಖಕ್ಕೂ ಸಲಸಲಕ್ಕೂ ಝೂಮ್ ಹಾಕಿ ಧನ್ ಧನ್ ಧನ್ ಅನಸೋದು. ಅಂಜಿದವರ ಮುಖ ಅಷ್ಟು ಸಲ ತೋರಿಸಿದ್ರ ನೋಡೋರು ಅಂಜೂದು ಬಿಟ್ಟು ಎಣಸಾಕ ಹತ್ತಾರ.

‘ಆಹಟ್’ 1995ರಾಗ ಶುರುವಾತು, ಅದಕ್ಕೂ ಮೊದಲ 1993ರಾಗ ರಾಮ್ಸೆ ಅಣ್ಣತಮ್ಮಂದಿರ ‘ಝೀ ಹಾರರ್ ಶೋ’. ಅವೂ ಕಡಿಮಿ ರೊಕ್ಕದಾಗ ಮಾಡಿದ್ವ, ಆದ್ರ ವಾರಕ್ಕ ಒಂದ ಸಲ ಬರ್ತಿದ್ವು, ಒಂದು ಕಥಿಗೆ ಒಂದು ಮನಿ, ಒಂದು ಬಾಗಲಾ, ಒಂದು ಸಪ್ಪಳ ಅಂತ ಆರಿಸಿಕೊಳ್ಳಾಕ ಆಗ್ತಿತ್ತು. ನಮ್ಮ ಚಾನೆಲ್ಲಿನವರು ವಾರಕ್ಕ ಒಂದ ದಿನ ಬರೂ ಒಂದು ಸಣ್ಣ ಹಾರರ್ ಸರಣಿ ಕೊಟ್ಟು ನೋಡಬೇಕು, ನಮ್ಮ ತಂತ್ರಜ್ಞರು ಏನ್ ಮಾಡಬಲ್ಲರು ಅಂತ ಆಗ ಕಾಣಸ್ತೈತಿ. ಇದನ್ನ ಮನಸಾರೆ ಹೇಳಾಕತ್ತೀನಿ.

ಪ್ರಶ್ನೆ: ಸರ್, ನಾವು ಫ್ರೆಂಡ್ಸ್ ಕೂಡಿ ಒಂದು ಹಾರರ್ ಶಾರ್ಟ್ ಫಿಲ್ಮ್ ಮಾಡಾಕತ್ತೇವಿ, ಮೊಬೈಲ್‌ನ್ಯಾಗ. ಖಾನಾಪುರ ಕಡೆ ನಮ್ಮ ಅಜ್ಜನ ಹಳೇ ಮನಿ ಐತಿ, ಅಲ್ಲಿ ಟ್ಯೂಬ್‌ಲೈಟ್ ಬಿಟ್ರ ಏನೂ ಇಲ್ಲ. ಲೈಟ್ ಬಾಡಗಿಗೆ ತರಾಕ ರೊಕ್ಕಿಲ್ಲ. ಏನ್ ಮಾಡೋದು? (ಡಿಗ್ರಿ ವಿದ್ಯಾರ್ಥಿ, ಬೆಳಗಾವಿ)

ಉತ್ತರ: ಮೊದಲ ಆ ಟ್ಯೂಬ್‌ಲೈಟ್ ಆರಿಸ್ರಿ. ಮ್ಯಾಲಿಂದ ಬೆಳ್ಳಗ ಎಲ್ಲಾ ಕಡೆ ಸಮಾ ಬೀಳೋ ಬೆಳಕಿನಾಗ ಏನೂ ಮುಚ್ಚಿಡಾಕ ಬರಂಗಿಲ್ಲ. ಒಂದು ಸೀನಿಗೆ ಒಂದ ಬೆಳಕು, ಮತ್ತ ಆ ಬೆಳಕು ಎಲ್ಲಿಂದ ಬಂತು ಅಂತ ನೋಡೋರಿಗೆ ಗೊತ್ತಿರಬೇಕು, ಕಿಡಕಿ, ದೇವರ ಮುಂದಿನ ದೀಪ, ಒಲಿ, ಕೈಯಾಗಿನ ಬ್ಯಾಟ್ರಿ, ಮೊಬೈಲ್ ಸ್ಕ್ರೀನ್. ಬ್ಯಾಟ್ರಿ ನೇರ ಮುಖಕ್ಕ ಹೊಡೀಬ್ಯಾಡ್ರಿ, ಬಾಜೂ ಗ್ವಾಡಿಗೆ ಇಲ್ಲಾ ಬಿಳೇ ಹಾಸಿಗಿ ಮ್ಯಾಲೆ ಹೊಡದು ಅಲ್ಲಿಂದ ತಿರುಗಿ ಬಂದ ಮೆತ್ತನ ಬೆಳಕು ಮುಖದ ಒಂದ ಮಗ್ಗಲಕ್ಕ ಬೀಳೂ ಹಂಗ ಮಾಡ್ರಿ. ಇನ್ನೊಂದು ಮಗ್ಗಲು ಕತ್ತಲಿ ಇರಲಿ, ಆ ಕಣ್ಣು ನೋಡಾಕ ಸಿಗಲಾರದಂಗ ಆದ್ರ ಅರ್ಧ ಕೆಲಸ ಮುಗೀತು. ಗದ್ದದ ಕೆಳಗಿಂದ ಬೆಳಕು ಹೊಡದು ಅಂಜಸೋದು ಹಳೇದಾತು, ಈಗ ಮಂದಿ ನಗ್ತಾರ, ಅದನ್ನ ಬಿಡ್ರಿ.

ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಆಡೂ ಮುಂದ ಹಿಂದಕ ಗ್ಯಾಸ್‌ಬತ್ತಿ ಇಡ್ತಿದ್ರಲ್ಲ, ಹಿರಿಯರನ್ನ ಕೇಳ್ರಿ. ಒಂದ ಕಡೆ ಬತ್ತಿ ಇದ್ದಾಗ ಪಾತ್ರಧಾರಿ ಬತ್ತಿ ಹತ್ರ ಬಂದಂಗ ಹಿಂದಿನ ಪರದೆ ಮ್ಯಾಲಿನ ನೆರಳು ದೊಡ್ಡದು ದೊಡ್ಡದು ಆಗ್ತಿತ್ತು. ನಿಮ್ಮ ಅಜ್ಜನ ಮನಿ ಗ್ವಾಡಿ ಮ್ಯಾಲೆ ಇದನ್ನ ಮಾಡಾಕ ಒಂದು ಬಲ್ಬು ಸಾಕು. ಮುಖ ತೋರಿಸಬ್ಯಾಡ್ರಿ, ನೆರಳಷ್ಟ ಬೆಳೀಲಿ.

ಮೊಬೈಲಿನ ಮಾತು: ಎಕ್ಸ್‌ಪೋಜರ್ (ಕ್ಯಾಮೆರಾ ಎಷ್ಟು ಬೆಳಕು ತಗೋಬೇಕು ಅನ್ನೋ ಅಳತಿ) ಲಾಕ್ ಮಾಡದ ಹೊರತು ಶೂಟ್ ಮಾಡಬ್ಯಾಡ್ರಿ, ಇಲ್ಲಾಂದ್ರ ಕತ್ತಲಿ ಕಂಡ ಕೂಡ್ಲೇ ಮೊಬೈಲ್ ತಾನ ಬೆಳಕು ಏರಸ್ತೈತಿ, ನಿಮ್ಮ ಕತ್ತಲಿ ಬೂದಿ ಬಣ್ಣಕ್ಕ ತಿರುಗಿ ಚುಕ್ಕಿ ಚುಕ್ಕಿ ಕುಣಿತಾವ. ನಮ್ಮ ದೇಶದ ಕರೆಂಟು 50 ಹರ್ಟ್ಜ್, ಮನಿ ಲೈಟ್ ಸೆಕೆಂಡಿಗೆ 100 ಸಲ ಮಿಣುಕ್ತಾವ, ಕಣ್ಣಿಗೆ ಕಾಣಂಗಿಲ್ಲ, ಕ್ಯಾಮೆರಾಕ್ಕ ಕಾಣಸ್ತೈತಿ. ಶಟರ್ 50ನೇ ಒಂದು ಇಲ್ಲಾ 100ನೇ ಒಂದು ಸೆಕೆಂಡಿಗೆ ಇಟ್ಟು ಸೆಕೆಂಡಿಗೆ 25 ಫ್ರೇಮಿನ್ಯಾಗ ತಗೀರಿ, ಪಟ್ಟಿ ಪಟ್ಟಿ ಓಡೂದು ನಿಲ್ತೈತಿ. ರಾತ್ರಿ ಸೀನು ಪೂರ್ತಿ ರಾತ್ರಿ ತಗಿಯೂದಕ್ಕಿಂತ ಹೊತ್ತು ಮುಳುಗಿ ಆಕಾಶದಾಗ ಇನ್ನೂ ನೀಲಿ ಇದ್ದಾಗ ತಗೀರಿ, ಅದು ಭಾಳ ಹೊತ್ತು ಇರಂಗಿಲ್ಲ, ಮೊದಲ ರಿಹರ್ಸಲ್ ಮಾಡಿ ಇಟ್ಟಕೊಂಡಿರಬೇಕು. ಒಳಗ ಹಳದಿ ಬಲ್ಬು, ಕಿಡಕಿ ಹೊರಗ ನೀಲಿ, ಈ ಎರಡು ಬಣ್ಣ ಕೂಡಿದ್ರ ಹೊರಗ ಏನೋ ಐತಿ ಅಂತ ತಾನಾಗೇ ಅನಸ್ತೈತಿ. ಖಾನಾಪುರ ಅಂದ್ರ ಮಳಿಗಾಲದಾಗ ಮಂಜು ಫುಕ್ಕಟೆ ಸಿಗ್ತೈತಿ, ಅದರ ಹಿಂದ ಒಂದು ಬೆಳಕು ಇಟ್ಟು ಮುಂದ ಮನುಷ್ಯಾನ್ನ ನಿಲ್ಲಿಸಿ ನೋಡ್ರಿ. ಅಲ್ಲೇ ಒಂದು ಐದು ನಿಮಿಷ ಎಲ್ಲಾರೂ ಸುಮ್ಮನಿದ್ದು ಆ ಮನಿ ರೂಮ್ ಟೋನ್ ರೆಕಾರ್ಡ್ ಮಾಡಕೊಳ್ರಿ, ಎಡಿಟಿಂಗಿನ್ಯಾಗ ನನ್ನ ನೆನಸ್ತೀರಿ. ಫಿಲ್ಮ್ ಮುಗದ ಮ್ಯಾಲೆ ಕಳಸ್ರಿ, ಖಂಡಿತ ನೋಡ್ತೀನಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೊಮ್ಮಕ್ಕಳು ಹಾಕೂ ವೆಬ್ ಸೀರೀಸಿನ್ಯಾಗ ರಾತ್ರಿ ಸೀನ್ ಬಂದ್ರ ಟಿವಿ ಪೂರ್ತಿ ಕಪ್ಪ ಆಗ್ತದ, ಏನೂ ಕಾಣ್ಸೂದಿಲ್ಲ. ನನ್ನ ಕಣ್ಣಿನ ದೋಷವೋ ಟಿವಿ ದೋಷವೋ? (ವಿಜಯಪುರ)

ಉತ್ತರ: ನಿಮ್ಮ ಕಣ್ಣಿಂದಲ್ಲ ಸರ್. 2019ರ ಏಪ್ರಿಲ್‌ನ್ಯಾಗ ‘ಗೇಮ್ ಆಫ್ ಥ್ರೋನ್ಸ್’ ಕಡೇ ಸೀಸನ್ನಿನ ಯುದ್ಧದ ಎಪಿಸೋಡು ಬಂದಾಗ ಜಗತ್ತಿನ ತುಂಬ ಮಂದಿ ಏನೂ ಕಾಣವಲ್ದು ಅಂತ ದೂರಿದ್ರು. ಅವರು ಅದನ್ನ ಕತ್ತಲಿ ಖೋಲಿಯೊಳಗ, ಸರಿ ಮಾಡಿಟ್ಟ ದುಬಾರಿ ಮಾನಿಟರಿನ್ಯಾಗ ನೋಡಿ ಸಿದ್ಧ ಮಾಡಿರ್ತಾರ, ನಾವು ಲೈಟ್ ಹಚ್ಚಿಕೊಂಡು ಊಟ ಮಾಡ್ಕೋತ ನೋಡ್ತೀವಿ. ಇಂಟರ್ನೆಟ್ ಸ್ಪೀಡ್ ಕಡಿಮಿ ಆದಾಗ ಡೇಟಾ ಉಳಸಾಕ ಮೊದಲ ಕತ್ತರಿ ಬೀಳೂದೂ ಕಪ್ಪ ಜಾಗಾಕ್ಕ, ಅದಕ ಅಲ್ಲಿ ಚೌಕ ಚೌಕ ಮನಿ ಕಾಣಸ್ತಾವ. ಟಿವಿ ಸೆಟ್ಟಿಂಗಿನ್ಯಾಗ ಪಿಕ್ಚರ್ ಮೋಡ್ ಅಂತ ಇರ್ತೈತಿ, ಅದನ್ನ ವಿವಿಡ್‌ನಿಂದ ತಗದು ಸಿನಿಮಾ ಇಲ್ಲಾ ಫಿಲ್ಮ್‌ಮೇಕರ್ ಮೋಡಿಗೆ ಹಾಕ್ರಿ, ಎನರ್ಜಿ ಸೇವಿಂಗ್ ಆಫ್ ಮಾಡ್ರಿ, ಮೋಷನ್ ಸ್ಮೂತಿಂಗ್ ಅಂತ ಇದ್ರ ಅದನ್ನೂ ಆಫ್ ಮಾಡ್ರಿ. ಖೋಲಿ ಲೈಟ್ ಆರಿಸಿ, ಟಿವಿ ಹಿಂದ ಒಂದು ಸಣ್ಣ ದೀಪ ಇಟ್ಟಕೊಂಡ್ರ ಕಣ್ಣಿಗೂ ಆರಾಮ. ಇಷ್ಟಾದ್ರೂ ಕಾಣಲಿಲ್ಲ ಅಂದ್ರ ಅದು ತಗದವರ ತಪ್ಪ, ಮುಚ್ಚಿಡೂದಕ್ಕೂ ಕಾಣಲಾರದಂಗ ಮಾಡೂದಕ್ಕೂ ಭಾಳ ಅಂತರ ಐತಿ ಸರ್.

ಪ್ರಶ್ನೆ: ನನ್ನ ಮಗಗ 8 ವರ್ಷ. ಸೋದರಮಾವನ ಮನ್ಯಾಗ ಒಂದು ದೆವ್ವದ ಸೀರಿಯಲ್ ನೋಡಿ ಬಂದಾನ, ಈಗ ರಾತ್ರಿ ಒಬ್ಬನ ಬಚ್ಚಲಕ್ಕೂ ಹೋಗವಲ್ಲ. ಏನ್ ಮಾಡ್ಲಿ? (ಬೈಲಹೊಂಗಲ)

ಉತ್ತರ: ತಂಗಿ, ಬೈಯಬ್ಯಾಡ, ಅಂಜಬುರುಕ ಅಂತ ನಾಕ ಮಂದಿ ಮುಂದ ಅನಬ್ಯಾಡ. ಸದ್ಯಕ್ಕ ಅಂಥಾವು ತೋರಿಸೂದು ಬಂದ್ ಮಾಡು, ಬಚ್ಚಲದ ತನಕ ಜೋಡಿ ಹೋಗು. ಹಗಲಿನ್ಯಾಗ ಅವನ್ನ ಅಡಗಿಮನ್ಯಾಗ ಕರಕೊಂಡು ಹೋಗಿ ಮೊಬೈಲಿನ್ಯಾಗ ಸಪ್ಪಳ ಮಾಡೂ ಆಟ ಆಡ್ರಿ. ಸಿನಿಮಾದಾಗ ಎಲುಬು ಮುರಿಯೂ ಸಪ್ಪಳ ಹಸೇ ಕಾಯಿಪಲ್ಲೆ ಮುರದು ಮಾಡ್ತಾರ, ಅದಕ್ಕ ಫೋಲಿ ಅಂತ ಹೆಸರು. ಗಜ್ಜರಿ, ಮೂಲಂಗಿ ಮೈಕಿನ ಹತ್ರ ಹಿಡದು ಅವನ ಕೈಲೇ ಮುರಿಸು, ತಟ್ಟಿ ಮ್ಯಾಲೆ ಉಗುರು ಎಳಸು, ಒದ್ದಿ ಅರಬಿ ಹಿಂಡಸು, ಆಮ್ಯಾಲ ಎಲ್ಲಾ ಹಚ್ಚಿ ಕೇಳಸು. ದೆವ್ವದ ಸಪ್ಪಳ ತಾನ ಮಾಡಬಲ್ಲೆ ಅಂತ ಅವಗ ಗೊತ್ತಾಗಲಿ. ಹದಿನೈದು ದಿನ ಕಳದ್ರೂ ನಿದ್ದಿ ಸರಿ ಆಗಲಿಲ್ಲ, ಊಟ ಬಿಟ್ಟ ಅಂದ್ರ ಮಕ್ಕಳ ಡಾಕ್ಟರ್ ಹತ್ರ ಒಮ್ಮೆ ತೋರಿಸು.